ಅಳೆಯದ ರಕ್ತ, ಬಿಸಿಗೆ ಕೆಟ್ಟ ಔಷಧಿ: ಹೆರಿಗೆ ಆರೈಕೆಯ ಬಗ್ಗೆ ಓದುಗರ ಪ್ರಶ್ನೆಗಳು

ಕಡಿಮೆ ಆದಾಯದ ದೇಶಗಳಲ್ಲಿ ತಾಯಂದಿರ ಆರೈಕೆ ಮತ್ತು ಸಂತಾನ ಆರೋಗ್ಯ ಸೇವೆಯನ್ನು ಸುಧಾರಿಸುವ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ. ಕೇಳಿದವರಲ್ಲಿ ನರ್ಸಿಂಗ್ ವಿದ್ಯಾರ್ಥಿಗಳಿದ್ದಾರೆ, ಹೊರದೇಶಗಳಲ್ಲಿ ಆರೋಗ್ಯ ಯೋಜನೆಗಳಿಗೆ ದುಡಿಯುವವರಿದ್ದಾರೆ, ದಾನ ಕೊಡಬಯಸುವವರೂ ಇದ್ದಾರೆ. ಔಷಧಿಯ ಪ್ರಮಾಣಗಳನ್ನು ಬರೆದಿರುವುದು ತರಬೇತಿ ಪಡೆದ ಸಿಬ್ಬಂದಿಗಾಗಿ. ಮನೆಯಲ್ಲಿ ಪ್ರಯೋಗಿಸಬೇಡಿ.

ಪ್ರಶ್ನೆ: ಹೆರಿಗೆಯ ನಂತರದ ರಕ್ತಸ್ರಾವಕ್ಕೆ ಔಷಧಿ ಗೊತ್ತಿದೆ, ಅದು ದುಬಾರಿಯೂ ಅಲ್ಲ. ಹಾಗಿದ್ದೂ ಇಷ್ಟೊಂದು ತಾಯಂದಿರು ಸಾಯುವುದೇಕೆ?

ಎಷ್ಟು ರಕ್ತ ಹೋಯಿತು ಎಂದು ಯಾರೂ ಅಳೆಯುವುದಿಲ್ಲ, ಅದಕ್ಕೆ. ಬೇರೆ ಕಾರಣಗಳೂ ಇವೆ, ಆದರೆ ಶುರು ಮಾಡಬೇಕಾದದ್ದು ಇಲ್ಲಿಂದ.

ವಿಶ್ವಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ ಸುಮಾರು 2,60,000 ಹೆಂಗಸರು ಬಸಿರು, ಹೆರಿಗೆಗಳ ಕಾರಣದಿಂದ ಸತ್ತರು. ಕಡಿಮೆ ಆದಾಯದ ದೇಶಗಳಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 346 ತಾಯಂದಿರು ಸತ್ತರೆ, ಶ್ರೀಮಂತ ದೇಶಗಳಲ್ಲಿ 10. ಈ ಸಾವುಗಳಲ್ಲಿ ರಕ್ತಸ್ರಾವದ ಪಾಲೇ ಎಲ್ಲಕ್ಕಿಂತ ದೊಡ್ಡದು.

ಹೆರಿಗೆಯಾದ 24 ಗಂಟೆಯೊಳಗೆ 500 ಮಿ.ಲೀ. ಅಥವಾ ಹೆಚ್ಚು ರಕ್ತ ಹೋದರೆ ಅದು ಅತಿ ರಕ್ತಸ್ರಾವ ಎಂಬುದು ಪುಸ್ತಕದ ಮಾತು. ಹೆರಿಗೆ ಕೋಣೆಯಲ್ಲಿ ಆಗುವುದೇ ಬೇರೆ. ಒಂದಷ್ಟು ರಕ್ತವನ್ನು ಬಟ್ಟೆ ಹೀರುತ್ತದೆ, ಒಂದಷ್ಟು ಗರ್ಭದ ನೀರಿನೊಂದಿಗೆ ಬೆರೆತು ಬಕೆಟ್ಟಿಗೆ ಹೋಗುತ್ತದೆ, ಮಿಕ್ಕಿದ್ದು ನೆಲದ ಪಾಲು. ನೋಡಿದವರು ‘ಮುನ್ನೂರು ಇರಬಹುದು’ ಅನ್ನುತ್ತಾರೆ. ಕಣ್ಣಂದಾಜು ಕಡಿಮೆ ಕಡೆಗೇ ವಾಲುವುದು ಹೆಚ್ಚು. ಹೋದ ರಕ್ತ ಹೆಚ್ಚಿದಷ್ಟೂ ಅಂದಾಜು ತಪ್ಪುವುದೂ ಹೆಚ್ಚುತ್ತದೆ.

ಹೊತ್ತು ಕಳೆದರೆ ಏನಾಗುತ್ತದೆ ಎಂಬುದಕ್ಕೆ ಒಂದು ಲೆಕ್ಕ ಸಾಕು. ತುಂಬು ಬಸುರಿನಲ್ಲಿ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರು ಅಥವಾ ಇನ್ನೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಾಸು ಬಿದ್ದ ಮೇಲೆ ಗರ್ಭಕೋಶ ಗಟ್ಟಿಯಾಗಿ ಮುದುಡಿ ಆ ರಕ್ತನಾಳಗಳನ್ನು ಹಿಸುಕಿ ಮುಚ್ಚಬೇಕು. ಅದು ಮೆತ್ತಗೇ ಉಳಿಯಿತೆಂದರೆ ನಲ್ಲಿ ತೆರೆದೇ ಇದ್ದಂತೆ. ಜೊತೆಗೆ ದೇಹವೂ ನಮ್ಮನ್ನು ಮೋಸಗೊಳಿಸುತ್ತದೆ: ಗಟ್ಟಿಮುಟ್ಟಾದ ಯುವತಿಯ ಬಿಪಿ ಬಹಳಷ್ಟು ರಕ್ತ ಹೋಗುವವರೆಗೂ ಕುಸಿಯುವುದಿಲ್ಲ. ಮೊದಲು ಏರುವುದು ನಾಡಿ. ನಾಡಿಯನ್ನು ಮೇಲಿನ ಬಿಪಿಯಿಂದ ಭಾಗಿಸಿ ನೋಡಿ. ನಾಡಿ 108, ಮೇಲಿನ ಬಿಪಿ 110 ಇದ್ದರೆ ಎರಡೂ ಬೇರೆ ಬೇರೆಯಾಗಿ ಭಯ ಹುಟ್ಟಿಸುವುದಿಲ್ಲ, ಆದರೆ ಭಾಗಲಬ್ಧ 0.98. ಅದು 0.9 ಮುಟ್ಟಿದಾಗಲೇ ಎಚ್ಚರವಾಗಬೇಕು.

ಅಳೆಯುವ ಸಾಧನ ಬಹಳ ಸರಳ: ಕೆಳತುದಿಯಲ್ಲಿ ಚೀಲದಂತಿರುವ, ಮಿ.ಲೀ. ಗೆರೆಗಳು ಅಚ್ಚಾಗಿರುವ ಪ್ಲಾಸ್ಟಿಕ್ ಹಾಳೆ. ಮಗು ಹುಟ್ಟಿದೊಡನೆ ಗರ್ಭದ ನೀರು ಹರಿದು ಹೋಗಲು ಬಿಟ್ಟು, ತಾಯಿಯ ಸೊಂಟದಡಿ ಹಾಳೆ ಹಾಸಿ, ಚೀಲ ಮಂಚದ ಅಂಚಿನಿಂದ ಕೆಳಗೆ ಇಳಿಬೀಳುವಂತೆ ಬಿಡಬೇಕು. ನೀರು ಹೋಗುವ ಮೊದಲೇ ಹಾಸಿದರೆ ಅಳತೆ ಸುಳ್ಳಾಗುತ್ತದೆ. ಇದೇ ಎಲ್ಲರೂ ಮಾಡುವ ತಪ್ಪು. ಮೊದಲ ಒಂದು ಗಂಟೆ, ಪ್ರತಿ 15 ನಿಮಿಷಕ್ಕೆ ರಕ್ತದ ಮಟ್ಟ, ಹರಿವು, ಗರ್ಭಕೋಶದ ಬಿಗಿ ನೋಡಬೇಕು. ಚೀಲದಲ್ಲಿ 500 ಮಿ.ಲೀ. ಕಂಡರೆ ಚಿಕಿತ್ಸೆ ಶುರು. 300 ದಾಟಿದ್ದು ನಾಡಿ, ಬಿಪಿ ಹದ ತಪ್ಪಿದ್ದರೂ ಶುರು.

ಚಿಕಿತ್ಸೆ ಎಂದರೆ ಇಷ್ಟೂ ಒಟ್ಟಿಗೆ: ಗರ್ಭಕೋಶ ಗಟ್ಟಿಯಾಗುವವರೆಗೆ ಹೊಟ್ಟೆಯ ಮೇಲಿನಿಂದ ಉಜ್ಜುವುದು, ಗರ್ಭಕೋಶವನ್ನು ಮುದುಡಿಸುವ ಆಕ್ಸಿಟೋಸಿನ್ 10 ಯೂನಿಟ್ ರಕ್ತನಾಳಕ್ಕೆ, ಸಲೈನಿನಲ್ಲಿ ಬೆರೆಸಿ 10 ನಿಮಿಷದಲ್ಲಿ, ಆಮೇಲೆ ಒಂದು ಲೀಟರ್ ಸಲೈನಿನಲ್ಲಿ 20 ಯೂನಿಟ್ 4 ಗಂಟೆಯಲ್ಲಿ, ಕಟ್ಟಿದ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ 10 ನಿಮಿಷದಲ್ಲಿ, ಬೇಕಾದಷ್ಟು ಸಲೈನ್, ಮೂತ್ರಕೋಶ ಖಾಲಿ ಮಾಡಿಸಿ, ಮಾಸು ಪೂರ್ತಿ ಬಂದಿದೆಯೇ, ಹರಿದ ಗಾಯವಿದೆಯೇ ಎಂದು ಪರೀಕ್ಷಿಸುವುದು. ಮೂತ್ರಕೋಶದ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ತುಂಬಿದ ಮೂತ್ರಕೋಶ ಗರ್ಭಕೋಶವನ್ನು ಮುದುಡಲು ಬಿಡುವುದಿಲ್ಲ, ಎಷ್ಟು ಔಷಧಿ ಕೊಟ್ಟರೂ.

ಮೊದಲಿನ ರೂಢಿ ಬೇರೆಯಿತ್ತು. ಉಜ್ಜಿ ನೋಡು, ನಿಲ್ಲದಿದ್ದರೆ ಇಂಜೆಕ್ಷನ್ ಕೊಡು, ಅದಕ್ಕೂ ನಿಲ್ಲದಿದ್ದರೆ ಮುಂದಿನದು ಎಂದು ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತಿದ್ದರು. ಪ್ರತಿ ಮೆಟ್ಟಿಲಲ್ಲೂ ಕಾಲು ಗಂಟೆ ಹೋಗುತ್ತಿತ್ತು. ಕೆನ್ಯಾ, ನೈಜೀರಿಯಾ, ಟಾಂಜಾನಿಯಾ, ದಕ್ಷಿಣ ಆಫ್ರಿಕಾಗಳ 80 ಆಸ್ಪತ್ರೆಗಳಲ್ಲಿ, ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ನಡೆದ ಇ-ಮೋಟಿವ್ ಎಂಬ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅಳೆದು, ಎಲ್ಲವನ್ನೂ ಒಟ್ಟಿಗೆ ಕೊಟ್ಟ ಆಸ್ಪತ್ರೆಗಳಲ್ಲಿ ರಕ್ತಸ್ರಾವವಾದವರ ಪೈಕಿ ಶೇ. 93ರಷ್ಟು ಪತ್ತೆಯಾದರು, ಹಳೆಯ ರೀತಿಯಲ್ಲಿ ಮುಂದುವರಿದ ಕಡೆ ಶೇ. 51. ಒಂದು ಲೀಟರಿಗೂ ಹೆಚ್ಚು ರಕ್ತ ಹೋಗುವುದು, ರಕ್ತ ನಿಲ್ಲಿಸಲು ಹೊಟ್ಟೆ ಕೊಯ್ಯಬೇಕಾಗುವುದು, ರಕ್ತಸ್ರಾವದಿಂದ ಸಾವು — ಈ ಮೂರರಲ್ಲಿ ಯಾವುದಾದರೂ ಆದವರು ಶೇ. 4.3ರಿಂದ ಶೇ. 1.6ಕ್ಕೆ ಇಳಿದರು. ಹೊಸ ಔಷಧಿ ಒಂದೂ ಇರಲಿಲ್ಲ.

ಟ್ರಾನೆಕ್ಸಾಮಿಕ್ ಆಸಿಡ್ಡಿಗೆ ಗಡಿಯಾರವಿದೆ: ಹೆರಿಗೆಯಾದ 3 ಗಂಟೆಯೊಳಗೆ ಕೊಟ್ಟರೆ ಮಾತ್ರ ಪ್ರಯೋಜನ, ತಡವಾದ ಪ್ರತಿ 15 ನಿಮಿಷಕ್ಕೆ ಆ ಪ್ರಯೋಜನ ಹತ್ತಿರ ಹತ್ತಿರ ಶೇ. 10ರಷ್ಟು ಕರಗುತ್ತದೆ. ಅರ್ಧ ಗಂಟೆಯ ನಂತರವೂ ರಕ್ತ ನಿಲ್ಲದಿದ್ದರೆ ಇನ್ನೊಂದು ಗ್ರಾಂ. ಇದನ್ನು ಬೀಗ ಹಾಕಿದ ಔಷಧಿ ಕೋಣೆಯಲ್ಲಿಟ್ಟು, ರಾತ್ರಿ ಬೀಗದ ಕೈ ಹುಡುಕುವ ಆಸ್ಪತ್ರೆಗಳು ಕಡಿಮೆಯಿಲ್ಲ.

ಪ್ರಶ್ನೆ: ನಾವು ನೆರವು ನೀಡುವ ಹೆರಿಗೆ ಕೇಂದ್ರದಲ್ಲಿ ಆಕ್ಸಿಟೋಸಿನ್ ಕೊಟ್ಟರೂ ಕೆಲವೊಮ್ಮೆ ಗರ್ಭಕೋಶ ಗಟ್ಟಿಯಾಗುವುದಿಲ್ಲ ಎಂದು ದಾದಿಯರು ಹೇಳುತ್ತಾರೆ. ಎರಡು ಪಟ್ಟು ಕೊಡುವುದು ಸರಿಯೇ?

ಮೊದಲು ಫ್ರಿಜ್ ನೋಡಿ. ಆಕ್ಸಿಟೋಸಿನ್ ಇರಬೇಕಾದದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬಿಸಿಯಲ್ಲಿಟ್ಟರೆ ಅದರ ಶಕ್ತಿ ಕುಂದುತ್ತದೆ, ಆದರೆ ಬಣ್ಣ ಬದಲಾಗುವುದಿಲ್ಲ, ವಾಸನೆ ಬರುವುದಿಲ್ಲ. ಕೆಟ್ಟ ಆಂಪೂಲ್ (ಔಷಧಿಯ ಪುಟ್ಟ ಗಾಜಿನ ಸೀಸೆ) ಒಳ್ಳೆಯದರಂತೆಯೇ ಕಾಣುತ್ತದೆ. ಬೆಳಗ್ಗೆ ಒಂದು ಹಿಡಿ ಆಂಪೂಲ್ ತೆಗೆದು ಟ್ರೇಯಲ್ಲಿಟ್ಟು, ಉಳಿದದ್ದನ್ನು ಮರುದಿನಕ್ಕೂ ಅಲ್ಲೇ ಬಿಡುವ ರೂಢಿಯಿಂದ ಈ ಕಥೆ ಶುರುವಾಗುತ್ತದೆ. ಹೆರಿಗೆ ಕೋಣೆಗೆ ಬೇರೆ ಫ್ರಿಜ್ ಇಲ್ಲವೆಂದರೆ ಲಸಿಕೆಯ ಫ್ರಿಜ್ಜಿನಲ್ಲೇ ಇಡಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ ಅದಕ್ಕಿದೆ. ಹೆಪ್ಪುಗಟ್ಟುವ ಅರೆಯಲ್ಲಿ ಮಾತ್ರ ಬೇಡ.

ಎರಡು ಪಟ್ಟು ಕೊಡುವುದು ತಪ್ಪು. ಆ ಆಂಪೂಲಿನಲ್ಲಿ ಶಕ್ತಿ ಎಷ್ಟು ಉಳಿದಿದೆ ಎಂಬುದೇ ಗೊತ್ತಿಲ್ಲದಾಗ ಎರಡರ ಮೊತ್ತ ಎಷ್ಟೆಂದು ಹೇಗೆ ಹೇಳುತ್ತೀರಿ? ಅದರಲ್ಲೂ ಒಂದೇ ಏಟಿಗೆ ರಕ್ತನಾಳಕ್ಕೆ ನೂಕಿದರೆ ಬಿಪಿ ದಿಢೀರನೆ ಕುಸಿಯಬಹುದು.

ಕರೆಂಟ್ ನಂಬುವಂತಿಲ್ಲದ ಕಡೆ ಬಿಸಿಗೆ ಜಗ್ಗದ ಕಾರ್ಬೆಟೋಸಿನ್ ಒಳ್ಳೆಯ ಆಯ್ಕೆ. 30 ಡಿಗ್ರಿಯವರೆಗೆ ಹೊರಗೇ ಇಡಬಹುದು, ಮಗು ಹುಟ್ಟಿದ ಮೇಲೆ 100 ಮೈಕ್ರೋಗ್ರಾಂ ಒಂದೇ ಸಲ. 10 ದೇಶಗಳ ಸುಮಾರು 30,000 ಹೆಂಗಸರಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಹಜ ಹೆರಿಗೆಯ ನಂತರದ ರಕ್ತಸ್ರಾವ ತಡೆಯುವಲ್ಲಿ ಇದು ಆಕ್ಸಿಟೋಸಿನ್‌ಗೆ ಕಡಿಮೆಯಿಲ್ಲ ಎಂದು ಕಂಡಿತು. ಎರಡು ಮಾತು ಮರೆಯಬಾರದು. ಇದು ತಡೆಗಟ್ಟಲು ಮಾತ್ರ, ರಕ್ತ ಹರಿಯತೊಡಗಿದ ಮೇಲೆ ಚಿಕಿತ್ಸೆಗೆ ಬೇಕಾದದ್ದು ಆಕ್ಸಿಟೋಸಿನ್ನೇ. ಎರಡನೆಯದಾಗಿ, ನೋವು ಬರಿಸಲು ಇದನ್ನು ಯಾವತ್ತೂ ಬಳಸಕೂಡದು. ಆಕ್ಸಿಟೋಸಿನ್ ಡ್ರಿಪ್ ನಿಲ್ಲಿಸಿದರೆ ಅದರ ಪರಿಣಾಮ ಬೇಗ ಇಳಿಯುತ್ತದೆ. ಕಾರ್ಬೆಟೋಸಿನ್ ಒಳಹೋದರೆ ಗಂಟೆಗಟ್ಟಲೆ ಉಳಿಯುತ್ತದೆ, ಮಗು ಇನ್ನೂ ಒಳಗಿದ್ದರೆ ಉಸಿರುಗಟ್ಟುತ್ತದೆ. ಎರಡೂ ಔಷಧಿ ಇಡುವ ಕೋಣೆಯಲ್ಲಿ ಡಬ್ಬಿಗಳ ಬಣ್ಣ, ಜಾಗ ಬೇರೆ ಬೇರೆ ಇರಲಿ.

ಇಂಜೆಕ್ಷನ್ ಕೊಡುವವರೇ ಇಲ್ಲದ ಕಡೆ ಮಿಸೊಪ್ರೊಸ್ಟಾಲ್: 200 ಮೈಕ್ರೋಗ್ರಾಂನ ಮೂರು ಮಾತ್ರೆ ಬಾಯಿಗೆ, ಮಗು ಹುಟ್ಟಿದೊಡನೆ. ಕೊಡುವ ಮುನ್ನ ಹೊಟ್ಟೆ ಮುಟ್ಟಿ ಅವಳಿ ಮಗು ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ನಡುಕ, ಜ್ವರ ಬರಬಹುದು ಎಂದು ಮೊದಲೇ ಹೇಳಿಟ್ಟರೆ ಮನೆಯವರು ಗಾಬರಿಯಾಗುವುದಿಲ್ಲ. ಇದರ ಶತ್ರು ತೇವ. ಮಾತ್ರೆಗಳನ್ನು ಅಲ್ಯೂಮಿನಿಯಂ ಹಾಳೆಯಿಂದ ಬಿಡಿಸಿ ಪೊಟ್ಟಣ ಕಟ್ಟಿ ಹಂಚುವುದೆಂದರೆ ಕೆಟ್ಟ ಮಾತ್ರೆ ಹಂಚಿದಂತೆ.

ಪ್ರಶ್ನೆ: ಫಿಟ್ಸ್ ಬಂದ ಬಸುರಿಗೆ ಮೆಗ್ನೀಷಿಯಂ ಸಲ್ಫೇಟ್ ಕೊಡಲು ಸಣ್ಣ ಆಸ್ಪತ್ರೆಗಳಲ್ಲಿ ಹೆದರುತ್ತಾರೆ. ಆ ಹೆದರಿಕೆ ಸರಿಯೇ?

ಹೆದರಿಕೆಗೆ ಅರ್ಥವಿದೆ. ಆದರೆ ಕೊಡದೆ ಬಿಡುವುದು ಅದಕ್ಕಿಂತ ಅಪಾಯ. 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರಲ್ಲಿ ನಡೆದ ಮ್ಯಾಗ್‌ಪೈ ಅಧ್ಯಯನ 2002ರಲ್ಲೇ ಹೇಳಿತು: ಬಿಪಿ ಏರಿ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿರುವವರಿಗೆ ಇದನ್ನು ಕೊಟ್ಟರೆ ಫಿಟ್ಸ್ ಬರುವ ಸಾಧ್ಯತೆ ಅರ್ಧಕ್ಕಿಂತ ಕಡಿಮೆಯಾಗುತ್ತದೆ.

ಎಡವುವುದು ಲೆಕ್ಕದಲ್ಲಿ. ಆಂಪೂಲಿನ ಮೇಲೆ ಶೇ. 50 ಎಂದಿದ್ದರೆ 2 ಮಿ.ಲೀ.ಗೆ 1 ಗ್ರಾಂ. ಮೊದಲ ಡೋಸ್ 4 ಗ್ರಾಂ ರಕ್ತನಾಳಕ್ಕೆ. ಅದಕ್ಕೆ ಶೇ. 50ರ ದ್ರಾವಣ 8 ಮಿ.ಲೀ., ಅದರೊಂದಿಗೆ ಇಂಜೆಕ್ಷನ್ ನೀರು 12 ಮಿ.ಲೀ. ಸೇರಿಸಿ 20 ಮಿ.ಲೀ. ಮಾಡಬೇಕು (ಈಗ ಅದು ಶೇ. 20ರದ್ದು). ನಿಧಾನವಾಗಿ, ಕನಿಷ್ಠ 5 ನಿಮಿಷ ತೆಗೆದುಕೊಂಡು ಕೊಡಬೇಕು. ಬೆರೆಸದೆ ನೇರ ರಕ್ತನಾಳಕ್ಕೆ ಹಾಕಿದರೆ ಉಸಿರೇ ನಿಲ್ಲಬಹುದು. ಆಮೇಲೆ ಎರಡೂ ಪೃಷ್ಠಗಳಿಗೆ ತಲಾ 5 ಗ್ರಾಂ, ಅಂದರೆ ಶೇ. 50ರದ್ದೇ 10 ಮಿ.ಲೀ., ಸ್ನಾಯುವಿನ ಆಳಕ್ಕೆ; ಇದಕ್ಕೆ ನೀರು ಬೆರೆಸುವುದಿಲ್ಲ. ತುಂಬಾ ನೋಯುವ ಇಂಜೆಕ್ಷನ್, ಅದೇ ಸಿರಿಂಜಿಗೆ ನೋವು ತಿಳಿಯದಂತೆ ಮಾಡುವ ಶೇ. 2ರ ಲಿಗ್ನೊಕೇನ್ 1 ಮಿ.ಲೀ. ಸೇರಿಸಿಕೊಳ್ಳಿ. ಒಟ್ಟು 14 ಗ್ರಾಂ ಆಯಿತು. ಮುಂದೆ 4 ಗಂಟೆಗೊಮ್ಮೆ 5 ಗ್ರಾಂ, ಬದಿ ಬದಲಿಸುತ್ತ, ಹೆರಿಗೆಯ ಅಥವಾ ಕೊನೆಯ ಫಿಟ್ಸಿನ — ಯಾವುದು ನಂತರದ್ದೋ ಅದರ — 24 ಗಂಟೆಯವರೆಗೆ.

ಪ್ರತಿ ಮುಂದಿನ ಡೋಸಿಗೂ ಮೊದಲು ಮೂರು ಪರೀಕ್ಷೆ: ಉಸಿರಾಟ ನಿಮಿಷಕ್ಕೆ 16ಕ್ಕೆ ಕಡಿಮೆ ಇರಬಾರದು, ಮಂಡಿ ತಟ್ಟಿದರೆ ಕಾಲು ಮಿಡಿಯಬೇಕು, ಹಿಂದಿನ 4 ಗಂಟೆಯಲ್ಲಿ ಗಂಟೆಗೆ 30 ಮಿ.ಲೀ.ಗೆ ಕಡಿಮೆಯಿಲ್ಲದಂತೆ ಮೂತ್ರ ಬಂದಿರಬೇಕು. ಮೂರನೆಯದು ಏಕೆಂದರೆ ಈ ಔಷಧಿ ದೇಹದಿಂದ ಹೊರಹೋಗುವುದು ಮೂತ್ರಪಿಂಡದ ದಾರಿಯಲ್ಲೇ. ಮೂತ್ರ ನಿಂತರೆ ಅದು ರಕ್ತದಲ್ಲೇ ಏರುತ್ತ ಹೋಗುತ್ತದೆ. ಮೂರರಲ್ಲಿ ಒಂದು ಸರಿಯಿಲ್ಲದಿದ್ದರೂ ಡೋಸ್ ತಡೆಯಿರಿ. ಮಂಡಿಯ ಮಿಡಿತ ಹೋಗುವುದು ಉಸಿರು ನಿಲ್ಲುವುದಕ್ಕಿಂತ ಮೊದಲು. ಆದ್ದರಿಂದ ಆ ಪುಟ್ಟ ಸುತ್ತಿಗೆ ಯಾವ ಮಾನಿಟರಿಗೂ ಕಡಿಮೆಯಲ್ಲ. ಉಸಿರು ನಿಂತರೆ ಅಂಬು ಬ್ಯಾಗಿನಿಂದ (ಕೈಯಲ್ಲಿ ಹಿಂಡಿ ಉಸಿರು ತುಂಬುವ ಚೀಲ) ಗಾಳಿ ಕೊಡುತ್ತ ಕ್ಯಾಲ್ಷಿಯಂ ಗ್ಲುಕೊನೇಟ್ 1 ಗ್ರಾಂ, ಅಂದರೆ ಶೇ. 10ರದ್ದು 10 ಮಿ.ಲೀ., ನಿಧಾನವಾಗಿ ರಕ್ತನಾಳಕ್ಕೆ. ಈ ಆಂಪೂಲ್ ಮತ್ತು ಸಿರಿಂಜನ್ನು ಮೆಗ್ನೀಷಿಯಂ ಡಬ್ಬಿಗೇ ಅಂಟಿಸಿಡಿ. ಹೆದರಿಕೆ ಅರ್ಧ ಇಳಿಯುತ್ತದೆ.

ಮೆಗ್ನೀಷಿಯಂ ಬಿಪಿ ಇಳಿಸುವ ಔಷಧಿಯಲ್ಲ ಎಂಬುದನ್ನೂ ಸೇರಿಸಬೇಕು. 160/110 ಮುಟ್ಟಿದವರಿಗೆ ಅದಕ್ಕೇ ಬೇರೆ ಔಷಧಿ ಬೇಕು. ಬಾಯಿಗೆ ಕೊಡುವ ನಿಫೆಡಿಪಿನ್ 10 ಮಿ.ಗ್ರಾಂ ಹೆಚ್ಚಿನ ಕಡೆ ಸುಲಭವಾಗಿ ಸಿಗುತ್ತದೆ.

ಪ್ರಶ್ನೆ: ಒಬ್ಬಳೇ ಬಸುರಿಗೆ ಬೆಳಗ್ಗೆ 150/95, ಸಂಜೆ 125/80. ಯಾವುದನ್ನು ನಂಬಬೇಕು?

ಅಳೆದ ರೀತಿ ಸರಿಯಿದ್ದರೆ ಹೆಚ್ಚಿನದನ್ನು ನಂಬಿ, ನಾಲ್ಕು ಗಂಟೆ ಬಿಟ್ಟು ಮತ್ತೆ ಅಳೆಯಿರಿ. ರೀತಿ ಎಂದರೆ: ಐದು ನಿಮಿಷ ಕೂತಿರಬೇಕು, ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಮೂತ್ರ ಮಾಡಿ ಬಂದಿರಬೇಕು, ಅಳೆಯುವಾಗ ಮಾತು ಬೇಡ, ತೋಳು ಎದೆಯ ಮಟ್ಟದಲ್ಲಿ. ತೋಳಿನ ಸುತ್ತಳತೆ 33 ಸೆಂ.ಮೀ. ದಾಟಿದ್ದರೆ ದೊಡ್ಡ ಪಟ್ಟಿ ಬೇಕು. ಚಿಕ್ಕದರಲ್ಲಿ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಬಿಪಿ ಏರಿ ಮೂತ್ರದಲ್ಲಿ ಪ್ರೋಟೀನ್ ಹೋಗುವ ಕಾಯಿಲೆಯಲ್ಲಿ ಸಾಮಾನ್ಯ ಆಟೋಮ್ಯಾಟಿಕ್ ಯಂತ್ರಗಳು ಬಿಪಿ ಕಡಿಮೆ ತೋರಿಸುವುದುಂಟು, ಆದ್ದರಿಂದ ಬಸುರಿಯರಲ್ಲೇ ಪರೀಕ್ಷೆಗೊಳಗಾದ ಯಂತ್ರ ಕೊಳ್ಳಿ. ಹೆರಿಗೆಯಾದ ಮೇಲೆ ಅಳೆಯುವುದನ್ನು ನಿಲ್ಲಿಸುವುದು ದೊಡ್ಡ ತಪ್ಪು. ಬಿಪಿ ಶಿಖರ ಮುಟ್ಟುವುದು ಅನೇಕರಲ್ಲಿ ಹೆರಿಗೆಯ ಮೂರರಿಂದ ಆರನೇ ದಿನಕ್ಕೆ, ಅಂದರೆ ಆಸ್ಪತ್ರೆಯಿಂದ ಮನೆಗೆ ಕಳಿಸಿಯಾದ ಮೇಲೆ.

ಪ್ರಶ್ನೆ: ಆಂಬುಲೆನ್ಸ್ ಕೊಡಿಸಿದರೆ ಸಾವು ಕಡಿಮೆಯಾಗುತ್ತದೆಯೇ?

ಅದೊಂದರಿಂದಲೇ ಆಗುವುದಿಲ್ಲ. ಥಡ್ಡಿಯಸ್ ಮತ್ತು ಮೇನ್ ಎಂಬ ಸಂಶೋಧಕಿಯರು 1994ರಲ್ಲಿ ಮೂರು ವಿಳಂಬಗಳನ್ನು ವಿಂಗಡಿಸಿದರು: ಹೋಗಬೇಕೆಂದು ತೀರ್ಮಾನಿಸುವಲ್ಲಿ, ಆಸ್ಪತ್ರೆ ತಲುಪುವಲ್ಲಿ, ತಲುಪಿದ ಮೇಲೆ ಚಿಕಿತ್ಸೆ ಸಿಗುವಲ್ಲಿ. ಗಾಡಿ ಪರಿಹರಿಸುವುದು ನಡುವಿನದನ್ನು ಮಾತ್ರ. ರಕ್ತವೂ ಅರಿವಳಿಕೆ ಕೊಡುವವರೂ ಇಲ್ಲದ ಆಸ್ಪತ್ರೆಗೆ ಬೇಗ ತಲುಪಿ ಏನು ಬಂತು?

ಗಾಡಿ ಹೊರಡುವ ಮೊದಲಿನ ಹತ್ತು ನಿಮಿಷವೇ ಮುಖ್ಯ. ಫಿಟ್ಸ್ ಬಂದಿದ್ದರೆ ಮೆಗ್ನೀಷಿಯಂನ ಮೊದಲ ಡೋಸ್, ರಕ್ತಸ್ರಾವವಾಗಿದ್ದರೆ ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆಸಿಡ್, ಸಲೈನ್ ಇಲ್ಲೇ ಕೊಟ್ಟು, ಎಡಮಗ್ಗುಲಿಗೆ ಮಲಗಿಸಿ, ಅಲ್ಲಿಗೆ ಫೋನ್ ಮಾಡಿ ಕಳಿಸಬೇಕು. ಚೀಟಿಯಲ್ಲಿ ಔಷಧಿ, ಪ್ರಮಾಣ, ಗಂಟೆ ಬರೆದಿರಲಿ. ಚೀಟಿ ಇಲ್ಲದೆ ಹೋದವಳಿಗೆ ಅಲ್ಲಿ ಇನ್ನೊಮ್ಮೆ 14 ಗ್ರಾಂ ಮೆಗ್ನೀಷಿಯಂ ಬೀಳಬಹುದು.

ದೂರದ ದಾರಿಗೆ, ರಕ್ತ ಹೋಗಿ ದೇಹ ಕುಸಿಯುವುದನ್ನು (ಶಾಕ್) ತಡೆಯುವ ಉಡುಪು ಒಂದಿದೆ: ಕಣಕಾಲಿನಿಂದ ಹೊಟ್ಟೆಯವರೆಗೆ ಪಟ್ಟಿ ಪಟ್ಟಿಯಾಗಿ ಬಿಗಿಯುವ ದಪ್ಪ ರಬ್ಬರಿನ ಬಟ್ಟೆ. ಕಾಲಿನ ರಕ್ತವನ್ನು ಹೃದಯ, ಮೆದುಳಿನ ಕಡೆ ಒತ್ತುತ್ತದೆ. ತೊಡಿಸುವುದು ಕಣಕಾಲಿನಿಂದ ಮೇಲಕ್ಕೆ. ಬಿಚ್ಚುವುದೂ ಕಣಕಾಲಿನಿಂದಲೇ, ಒಂದೊಂದು ಪಟ್ಟಿಗೆ 15 ನಿಮಿಷ ಬಿಟ್ಟು. ನಡುವೆ ಮೇಲಿನ ಬಿಪಿ 20 ಇಳಿದರೆ ಅಥವಾ ನಾಡಿ 20 ಏರಿದರೆ ಮತ್ತೆ ಬಿಗಿಯಬೇಕು. ಗೊತ್ತಿಲ್ಲದವರು ಪರೀಕ್ಷೆ ಮಾಡುವ ಅವಸರದಲ್ಲಿ ಹೊಟ್ಟೆಯ ಪಟ್ಟಿಯನ್ನೇ ಮೊದಲು ಬಿಚ್ಚುತ್ತಾರೆ, ಆಕೆ ಕಣ್ಣೆದುರೇ ಕುಸಿಯುತ್ತಾಳೆ. ಉಡುಪು ತೊಡಿಸಿ ಕಳಿಸುವ ಕೇಂದ್ರಕ್ಕಿಂತ ಮೊದಲು ಬಿಚ್ಚುವ ಆಸ್ಪತ್ರೆಗೆ ತರಬೇತಿ ಕೊಡಿ.

ಪ್ರಶ್ನೆ: ಗರ್ಭಪಾತವಾದ ಮೇಲೆ ಮತ್ತೆ ಬಸಿರಾಗಲು ಎಷ್ಟು ಕಾಲ ಬೇಕು?

ಎರಡು ವಾರದೊಳಗೇ ಅಂಡ ಬಿಡುಗಡೆಯಾಗಬಹುದು, ಮುಂದಿನ ಮುಟ್ಟಿಗೂ ಮೊದಲು. ಆದ್ದರಿಂದ ಬೇಕೆಂದವರಿಗೆ ಗರ್ಭನಿರೋಧಕವನ್ನು ಅದೇ ದಿನ, ಅದೇ ಕೋಣೆಯಲ್ಲಿ ಕೊಡಬೇಕು. ‘ಆರು ವಾರ ಬಿಟ್ಟು ಬಾ’ ಎಂದು ಇನ್ನೊಂದು ವಿಭಾಗಕ್ಕೆ ಚೀಟಿ ಬರೆದರೆ ಬಹಳ ಮಂದಿ ಹಿಂದಿರುಗುವುದಿಲ್ಲ.

ಪ್ರಶ್ನೆ: ಗರ್ಭನಿರೋಧಕ ಇಂಜೆಕ್ಷನ್ನನ್ನು ಹೆಂಗಸರು ತಾವೇ ಚುಚ್ಚಿಕೊಳ್ಳುವ ಪದ್ಧತಿ ಸುರಕ್ಷಿತವೇ?

ಹೌದು. ಚರ್ಮದಡಿಗೆ ಕೊಡುವ ಡಿಎಂಪಿಎ ಎಂಬ ಗರ್ಭನಿರೋಧಕ ಹಾರ್ಮೋನು 104 ಮಿ.ಗ್ರಾಂ, ಸೂಜಿ ಸಮೇತ ಒಂದು ಪುಟ್ಟ ಬುಗ್ಗೆಯೊಳಗೆ ಸಿದ್ಧವಾಗಿ ಬರುತ್ತದೆ. ಮಲಾವಿಯಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಾವೇ ಚುಚ್ಚಿಕೊಂಡವರಲ್ಲಿ ಶೇ. 73 ಮಂದಿ ವರ್ಷವಾದರೂ ಮುಂದುವರಿಸಿದ್ದರು. ಸಿಬ್ಬಂದಿಯಿಂದ ಹಾಕಿಸಿಕೊಂಡವರಲ್ಲಿ ಶೇ. 45. ಮೂರು ತಿಂಗಳಿಗೊಮ್ಮೆ ದಿನವಿಡೀ ನಡೆದು ಹೋಗುವುದು ತಪ್ಪಿದರೆ ಹೀಗಾಗುವುದು ಸಹಜ.

ಮೊದಲ ಸಲ ದಾದಿಯ ಎದುರು ಮಾಡಬೇಕು. ಬುಗ್ಗೆಯನ್ನು 30 ಸೆಕೆಂಡ್ ಜೋರಾಗಿ ಅಲ್ಲಾಡಿಸಿ. ಸೂಜಿಯ ಮುಚ್ಚಳವನ್ನು ಬುಗ್ಗೆಯ ಕಡೆಗೆ, ನಡುವಿನ ಸಂದು ಮುಚ್ಚುವವರೆಗೆ ಗಟ್ಟಿಯಾಗಿ ಒತ್ತಿ. ಇದನ್ನು ಅರ್ಧಕ್ಕೇ ಬಿಡುವವರೇ ಹೆಚ್ಚು. ಆಗ ಔಷಧಿ ಹೊರಬರುವುದಿಲ್ಲ. ಹೊಟ್ಟೆ ಅಥವಾ ತೊಡೆಯ ಮುಂಭಾಗದ ಚರ್ಮವನ್ನು ಚಿವುಟಿ ಎತ್ತಿ ಹಿಡಿದು, ಸೂಜಿ ಕೆಳಮುಖವಾಗಿರುವಂತೆ ಪೂರ್ತಿ ಚುಚ್ಚಿ, ಬುಗ್ಗೆಯನ್ನು 5ರಿಂದ 7 ಸೆಕೆಂಡ್ ನಿಧಾನ ಹಿಂಡಿ. ಆಮೇಲೆ ಉಜ್ಜಬಾರದು. ಸೂಜಿಯನ್ನು ಚುಚ್ಚಲಾಗದ, ಮುಚ್ಚಳವಿರುವ ಡಬ್ಬಿಗೆ ಹಾಕಿ. ಮುಂದಿನದು ಮೂರು ತಿಂಗಳಿಗೆ; ನಾಲ್ಕು ವಾರ ತಡವಾದರೂ ಹಾಕಿಕೊಳ್ಳಬಹುದು.

ಬಿಟ್ಟುಬಿಡುವವರು ಬಿಡುವುದು ಹೆಚ್ಚಾಗಿ ಮುಟ್ಟಿನ ಏರುಪೇರಿನಿಂದ. ಮೊದಲು ಆಗಾಗ ಕಲೆ, ಆಮೇಲೆ ಮುಟ್ಟೇ ನಿಲ್ಲುವುದು. ಇದರಿಂದ ಹಾನಿಯಿಲ್ಲ ಎಂದು ಮೊದಲ ದಿನವೇ ಹೇಳಿದ್ದರೆ ತಾಳಿಕೊಳ್ಳುತ್ತಾರೆ. ನಿಲ್ಲಿಸಿದ ಮೇಲೆ ಬಸಿರಾಗಲು ಬೇರೆ ವಿಧಾನಗಳಿಗಿಂತ ಕೆಲವು ತಿಂಗಳು ಹೆಚ್ಚು ಹಿಡಿಯುತ್ತದೆ, ಅದನ್ನೂ ಮುಚ್ಚಿಡಬಾರದು. ತೋಳಿನ ಇಂಪ್ಲಾಂಟ್ (ಚರ್ಮದಡಿ ಕೂರಿಸುವ ಗರ್ಭನಿರೋಧಕ ಕಡ್ಡಿ) ಬಗ್ಗೆಯೂ ಒಂದು ಮಾತು: ಹಾಕಲು ಶಿಬಿರ, ತೆಗೆಯಲು ಯಾರೂ ಇಲ್ಲ ಎಂಬ ಯೋಜನೆಗೆ ಕೈ ಹಾಕಬೇಡಿ. ಬೇಡವೆಂದಾಗ ತೆಗೆಸಿಕೊಳ್ಳಲಾಗದ್ದನ್ನು ಆಯ್ಕೆ ಎನ್ನಲಾಗದು.

ಪ್ರಶ್ನೆ: ದೀರ್ಘ ಹೆರಿಗೆ ನೋವಿನ ನಂತರ ಮೂತ್ರ ಸೋರುವವರಿಗೆ ಶಸ್ತ್ರಚಿಕಿತ್ಸೆಯೇ ಗತಿಯೇ?

ಎಲ್ಲರಿಗೂ ಬೇಕಾಗುವುದಿಲ್ಲ. ಮಗುವಿನ ತಲೆ ಗಂಟೆಗಟ್ಟಲೆ ಎಲುಬಿಗೆ ಒತ್ತಿ, ನಡುವೆ ಸಿಕ್ಕ ಮೂತ್ರಕೋಶದ ಗೋಡೆಗೆ ರಕ್ತ ಸಿಗದೆ ಸತ್ತು ಉದುರಿ ತೂತಾಗುತ್ತದೆ. ಸೋರುವುದು ಕೆಲವು ದಿನ ಬಿಟ್ಟು ಶುರುವಾಗುವುದು ಅದಕ್ಕೇ. ತೂತು ಸಣ್ಣದಾಗಿದ್ದು ಬೇಗ ಪತ್ತೆಯಾದರೆ, ಮೂತ್ರನಳಿಕೆ ಹಾಕಿ ನಾಲ್ಕರಿಂದ ಆರು ವಾರ ಮೂತ್ರಕೋಶವನ್ನು ಖಾಲಿಯಾಗಿಟ್ಟರೆ ತಾನೇ ಮುಚ್ಚಿಕೊಳ್ಳುವುದುಂಟು. ನಳಿಕೆ ಕಟ್ಟಿಕೊಂಡರೆ ಅಷ್ಟೂ ದಿನದ ಶ್ರಮ ಹಾಳು, ಆದ್ದರಿಂದ ಚೆನ್ನಾಗಿ ನೀರು ಕುಡಿಸಬೇಕು. ಹಳೆಯ, ದೊಡ್ಡ ತೂತಿಗೆ ಅನುಭವಿ ಶಸ್ತ್ರವೈದ್ಯರೇ ಬೇಕು. ಮೊದಲ ಸಲದ ಹೊಲಿಗೆಯೇ ಗೆಲ್ಲುವ ಸಾಧ್ಯತೆ ಹೆಚ್ಚಾದ್ದರಿಂದ ಕಲಿಯುವವರ ಕೈಗೆ ಕೊಡುವಂಥದ್ದಲ್ಲ. ವೈದ್ಯರಾದ ಹ್ಯಾಮ್ಲಿನ್ ದಂಪತಿ 1974ರಲ್ಲಿ ಇಥಿಯೋಪಿಯಾದ ಆಡಿಸ್ ಅಬಾಬಾದಲ್ಲಿ ತೆರೆದ ಆಸ್ಪತ್ರೆ ಈ ಒಂದು ಕಾಯಿಲೆಗಾಗಿಯೇ ಇದೆ.

ಪ್ರಶ್ನೆ: ನಮ್ಮ ಸಂಘದವರು ಆಫ್ರಿಕಾದ ಒಂದು ಹೆರಿಗೆ ಕೇಂದ್ರಕ್ಕೆ ಸ್ಕ್ಯಾನಿಂಗ್ ಯಂತ್ರ ಕಳಿಸಬೇಕೆಂದಿದ್ದೇವೆ. ಸಲಹೆ ಕೊಡಿ.

ಕಾಂಗೋ, ಕೆನ್ಯಾ, ಜಾಂಬಿಯಾ, ಪಾಕಿಸ್ತಾನ, ಗ್ವಾಟೆಮಾಲಾಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸ್ಥಳೀಯ ಸಿಬ್ಬಂದಿಗೆ ತರಬೇತಿ ಕೊಟ್ಟು ಬಸುರಿಯರಿಗೆಲ್ಲ ಸ್ಕ್ಯಾನ್ ಮಾಡಿಸಿದರು. ಸಾವುಗಳೂ ಕಡಿಮೆಯಾಗಲಿಲ್ಲ, ಆಸ್ಪತ್ರೆಗೆ ಬರುವವರೂ ಹೆಚ್ಚಲಿಲ್ಲ. ಸ್ಕ್ಯಾನ್ ಬೇಡವೆಂದು ಇದರ ಅರ್ಥವಲ್ಲ. ತೊಂದರೆ ಕಂಡುಹಿಡಿದ ಮೇಲೆ ಅದನ್ನು ನೋಡಿಕೊಳ್ಳುವ ಜಾಗ ಮೊದಲು ಬೇಕು.

ಕಳಿಸುವ ಮುನ್ನ ಆ ಕೇಂದ್ರದ ಹಿರಿಯ ದಾದಿಗೆ ಒಂದೇ ಪ್ರಶ್ನೆ ಕೇಳಿ: ಹೋದ ತಿಂಗಳು ಯಾವ ಯಾವುದು ಮುಗಿದುಹೋಗಿತ್ತು? ಬರುವ ಉತ್ತರ ಹೆಚ್ಚಾಗಿ ಸಪ್ಪೆಯಾಗಿರುತ್ತದೆ: ಕೈಗವಸು, ಮೂತ್ರನಳಿಕೆ, ಆಮ್ಲಜನಕದ ಮುಖವಾಡ, ರಾತ್ರಿಯ ದೀಪ, ಬಿಪಿ ಯಂತ್ರದ ಪಟ್ಟಿ. ಮಗುವಿನ ಅಂಬು ಬ್ಯಾಗ್ ಇದ್ದು ಅದಕ್ಕೆ ಸರಿಹೊಂದುವ 0 ಮತ್ತು 1ನೇ ಅಳತೆಯ ಮುಖವಾಡ ಇಲ್ಲದಿದ್ದರೆ ಬ್ಯಾಗ್ ಇದ್ದೂ ಇಲ್ಲದಂತೆ. ಛಾವಣಿಯ ಸೌರಫಲಕ, ಬ್ಯಾಟರಿ, ಎರಡು ದೀಪ ಕೊಟ್ಟರೆ ರಾತ್ರಿ ಹೊಲಿಗೆ ಹಾಕುವವರಿಗೆ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುವುದು ತಪ್ಪುತ್ತದೆ.

ಇಷ್ಟಾದ ಮೇಲೂ ಸ್ಕ್ಯಾನಿಂಗ್ ಯಂತ್ರವೇ ಬೇಕು ಎಂದು ಅವರೇ ಕೇಳಿದರೆ ಕಳಿಸಿ. ಅಲ್ಲಿನ ಕರೆಂಟ್ 220 ವೋಲ್ಟೋ 110ರದ್ದೋ ನೋಡಿಕೊಳ್ಳಿ, ವೋಲ್ಟೇಜ್ ಏರಿಳಿತ ತಡೆಯುವ ಸ್ಟೆಬಿಲೈಸರ್ ಜೊತೆಗಿರಲಿ, ಕೈಪಿಡಿ ಅಲ್ಲಿಯವರು ಓದುವ ಭಾಷೆಯಲ್ಲಿರಲಿ, ಎರಡು ವರ್ಷದ ಜೆಲ್ ಮತ್ತು ಇನ್ನೊಂದು ಪ್ರೋಬ್ (ಹೊಟ್ಟೆಯ ಮೇಲೆ ಆಡಿಸಿ ನೋಡುವ ಹಿಡಿ) ಸೇರಿಸಿ. ಪ್ರೋಬ್ ನೆಲಕ್ಕೆ ಒಮ್ಮೆ ಬಿದ್ದರೆ ಸಾಕು, ಇಡೀ ಯಂತ್ರ ಮೂಲೆ ಸೇರುತ್ತದೆ.